ದಾರ ಮೊದಲು, ಸೂಜಿ ಆಮೇಲೆ: ಅಲಂಕಾರದ ಕೈ ಕ್ವಿಲ್ಟಿಂಗ್‌ಗೆ ಸಮಗ್ರ ಮಾರ್ಗದರ್ಶಿ

ಸೂಜಿಯ ಹಿಂದೆ ದಾರ ಅನ್ನುವ ಮಾತಿದೆ. ಹೊಲಿಯುವಾಗ ಅದು ನಿಜ. ಆದರೆ ಆರಿಸುವಾಗ ಲೆಕ್ಕ ತಿರುವುಮುರುವು. ದಾರ ಮೊದಲು, ಸೂಜಿ ಆಮೇಲೆ.

ಇದು ನನಗೆ ತಡವಾಗಿ ತಿಳಿಯಿತು. ಮೊದಲ ಸಲ ದಪ್ಪ ದಾರದಲ್ಲಿ ಕ್ವಿಲ್ಟ್ ಹೊಲಿಯಲು ಕೂತಾಗ ಡಬ್ಬಿಯಲ್ಲಿದ್ದ ಒಂದು ಸೂಜಿ ಎತ್ತಿಕೊಂಡೆ. ಹೇಗೋ ಮಾಡಿ ದಾರ ಪೋಣಿಸಿದೆ. ಸೂಜಿ ಬಟ್ಟೆಯೊಳಗೆ ಸಲೀಸಾಗಿ ಹೋಗುತ್ತಿತ್ತು, ಕಣ್ಣು ಬಂದ ಕೂಡಲೇ ಸಿಕ್ಕಿಕೊಳ್ಳುತ್ತಿತ್ತು. ಒಂದೊಂದು ಹೊಲಿಗೆಗೂ ಎಳೆದಾಟ. ಅರ್ಧ ಗಂಟೆಗೆ ಹೆಬ್ಬೆರಳು ಕೆಂಪಾಯಿತು, ದಾರ ಕಣ್ಣಿನ ಹತ್ತಿರ ಹತ್ತಿಯ ಹಾಗೆ ಅರಳಿತು. ನನ್ನ ಕೈ ಇನ್ನೂ ಪಳಗಿಲ್ಲ ಅಂದುಕೊಂಡೆ. ಮರುದಿನ ಕಣ್ಣು ದೊಡ್ಡದಿರುವ, ಸ್ವಲ್ಪ ದಪ್ಪ ಸೂಜಿ ಹಿಡಿದೆ. ಅದೇ ಕೈ, ಅದೇ ದಾರ, ಅದೇ ಬಟ್ಟೆ. ಹೊಲಿಗೆ ನೀರಿನಂತೆ ಹರಿಯಿತು.

ಸೂಜಿಯ ಕೆಲಸ ದಾರಕ್ಕೆ ದಾರಿ ಮಾಡಿಕೊಡುವುದು. ಈ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ.

ಹೆಜ್ಜೆ 1: ಹೊಲಿಗೆ ಎಷ್ಟು ಕಾಣಬೇಕು ಅಂತ ತೀರ್ಮಾನಿಸಿ

ಕ್ವಿಲ್ಟ್ ಅಂದರೆ ಮೂರು ಪದರ. ಮೇಲ್ಬಟ್ಟೆ, ನಡುವೆ ಮೆತ್ತನೆಯ ಬ್ಯಾಟಿಂಗ್, ಕೆಳಗೆ ಅಡಿಬಟ್ಟೆ. ಮೂರನ್ನೂ ಹಿಡಿದಿಡುವುದೇ ಹೊಲಿಗೆಯ ಮೂಲ ಕೆಲಸ. ಹಳೆಯ ಪದ್ಧತಿಯ ನವಿರಾದ ಕೈ ಕ್ವಿಲ್ಟಿಂಗ್‌ನಲ್ಲಿ ಇಂಚಿಗೆ 8ರಿಂದ 12 ಹೊಲಿಗೆ ಬೀಳುತ್ತವೆ. ಅಲ್ಲಿ ದಾರ ಕಾಣುವುದು ಮುಖ್ಯವಲ್ಲ. ಹೊಲಿಗೆ ಎಳೆದ ಕಡೆ ತಗ್ಗು, ಉಳಿದ ಕಡೆ ಉಬ್ಬು. ಆ ನೆರಳು ಬೆಳಕೇ ಚೆಂದ.

ಅಲಂಕಾರದ ಕ್ವಿಲ್ಟಿಂಗ್‌ನಲ್ಲಿ ದಾರವೇ ಮುಂದೆ ಬಂದು ನಿಲ್ಲುತ್ತದೆ. ಇದನ್ನು ಬಿಗ್ ಸ್ಟಿಚ್ ಅಂತಲೂ ಕರೆಯುತ್ತಾರೆ. ಇಂಚಿಗೆ 4ರಿಂದ 6 ಹೊಲಿಗೆ ಸಾಕು. ಇಂಚಿಗೆ 5 ಅಂದರೆ ಒಂದು ಹೊಲಿಗೆ ಮತ್ತು ಅದರ ಪಕ್ಕದ ಖಾಲಿ ಜಾಗ ಸೇರಿ ಸುಮಾರು 5 ಮಿಲಿಮೀಟರ್. ನಾನು ಮೇಲೆ 3, ಕೆಳಗೆ 2 ಬರುವಂತೆ ಹೊಲಿಯುತ್ತೇನೆ. ಎಣಿಸುವಾಗ ಮೇಲೆ ಕಾಣುವ ಹೊಲಿಗೆ ಮಾತ್ರ ಎಣಿಸಿ.

ದಾರ ಕೊಳ್ಳುವ ಮೊದಲು ಕ್ವಿಲ್ಟನ್ನು ಹರಡಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ದೂರದಿಂದಲೇ ಗೆರೆಗಳು ಎದ್ದು ಕಾಣಬೇಕಾ? ಹತ್ತಿರ ಬಂದಾಗ ಮಾತ್ರ ಕಂಡರೆ ಸಾಕಾ? ಮೊದಲನೆಯದಾದರೆ ದಪ್ಪ ದಾರ, ಎದ್ದು ಕಾಣುವ ಬಣ್ಣ. ಎರಡನೆಯದಾದರೆ ಸಣ್ಣ ದಾರ, ಬಟ್ಟೆಗೆ ಹೊಂದುವ ಬಣ್ಣ. ಇನ್ನೊಂದು ಮಾತು. ಮೇಲ್ಬಟ್ಟೆ ತುಂಬ ಹೂವು, ಎಲೆ, ಚುಕ್ಕಿಗಳ ಪ್ರಿಂಟ್ ಇದ್ದರೆ ಎಂಥ ದಾರ ಹಾಕಿದರೂ ಅದರಲ್ಲಿ ಕಳೆದುಹೋಗುತ್ತದೆ. ಒಳ್ಳೆಯ ದಾರವನ್ನು ಸಾದಾ ಬಟ್ಟೆಯ ಮೇಲೆ ಬಳಸಿ.

ಹೆಜ್ಜೆ 2: ದಾರದ ಗುಣ ತಿಳಿದುಕೊಳ್ಳಿ

ಪರ್ಲ್ ಕಾಟನ್. ಅಲಂಕಾರದ ಕ್ವಿಲ್ಟಿಂಗ್‌ಗೆ ಒಂದೇ ಒಂದು ದಾರ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಎರಡು ಎಳೆಗಳನ್ನು ಒಟ್ಟಿಗೆ ಹುರಿ ಮಾಡಿದ ಹತ್ತಿ ದಾರ ಇದು. ಎಳೆ ಬಿಡಿಸಿ ಬಳಸುವಂಥದ್ದಲ್ಲ, ಇದ್ದ ಹಾಗೇ ಬಳಸಬೇಕು. ಬೆರಳುಗಳ ನಡುವೆ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ. ಹಗ್ಗದಂತೆ ಓರೆಯಾಗಿ ಸುತ್ತಿಕೊಂಡ ಗೆರೆಗಳು ಕಾಣುತ್ತವೆ. ಒಂದೊಂದು ತಿರುವಿನ ನೆತ್ತಿಯ ಮೇಲೂ ಚೂರು ಬೆಳಕು ಕೂತಿರುತ್ತದೆ. ಹೊಲಿದಾಗ ಆ ಹುರಿಯಿಂದಲೇ ದಾರ ದುಂಡಗೆ ಉಳಿಯುತ್ತದೆ, ಬಟ್ಟೆಯ ಮೇಲೆ ಅಕ್ಕಿಕಾಳಿನ ಹಾಗೆ ಎದ್ದು ಕೂರುತ್ತದೆ.

ಆ ಹೊಳಪು ಬಂದದ್ದಕ್ಕೂ ಒಂದು ಕಥೆಯಿದೆ. 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್, ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ನೂಲು ಉಬ್ಬಿ ಗಟ್ಟಿಯಾಗುತ್ತದೆ, ಬಣ್ಣವನ್ನೂ ಚೆನ್ನಾಗಿ ಹೀರುತ್ತದೆ ಅಂತ ಕಂಡುಕೊಂಡರು. ಆದರೆ ನೂಲು ಕುಗ್ಗುತ್ತಿತ್ತು. ಸುಮಾರು 1890ರ ಹೊತ್ತಿಗೆ ಹೊರೇಸ್ ಲೋ ಅನ್ನುವವರು ನೂಲನ್ನು ಬಿಗಿಯಾಗಿ ಎಳೆದು ಹಿಡಿದು ಅದೇ ಕೆಲಸ ಮಾಡಿದರು. ಕುಗ್ಗುವುದು ನಿಂತಿತು, ಜೊತೆಗೆ ಹೊಳಪೂ ಬಂತು. ಲೇಬಲ್ ಮೇಲೆ ಮರ್ಸರೈಸ್ಡ್ ಅಂತ ಬರೆದಿದ್ದರೆ ಅರ್ಥ ಇದೇ.

ಆರೆಳೆ ಕಸೂತಿ ದಾರ. ಲಡಿಯಲ್ಲಿ ಬರುವ, ಕಸೂತಿ ಮಾಡುವ ಎಲ್ಲರ ಬಳಿಯೂ ಇರುವ ದಾರ. ಬಣ್ಣಗಳ ಆಯ್ಕೆ ಇದರಲ್ಲಿ ಇರುವಷ್ಟು ಬೇರೆಲ್ಲೂ ಇಲ್ಲ. ಎರಡೋ ಮೂರೋ ಎಳೆ ತೆಗೆದು ಹೊಲಿಯಬಹುದು. ಆದರೆ ಹುರಿ ಕಡಿಮೆ ಇರುವುದರಿಂದ ಬಟ್ಟೆಯ ಮೇಲೆ ಚಪ್ಪಟೆಯಾಗಿ ಹರಡುತ್ತದೆ. ಮೂರು ಪದರ ದಾಟುವಾಗ ಒಂದು ಎಳೆ ಬಿಗಿಯಾಗಿ, ಇನ್ನೊಂದು ಸಡಿಲವಾಗಿ ಉಳಿಯುವುದೂ ಉಂಟು. ಎಳೆಗಳನ್ನು ಒಂದೊಂದಾಗಿ ಮೇಲಕ್ಕೆ ಎಳೆದು ಬಿಡಿಸಿ, ಆಮೇಲೆ ಜೋಡಿಸಿಕೊಂಡರೆ ಈ ತೊಂದರೆ ತುಂಬಾ ಕಡಿಮೆಯಾಗುತ್ತದೆ. ಆರೂ ಎಳೆ ಒಟ್ಟಿಗೆ ಬಳಸುವ ಆಸೆ ಬೇಡ. ಬ್ಯಾಟಿಂಗ್ ದಾಟಿಸುವುದು ಶಿಕ್ಷೆಯಾಗುತ್ತದೆ.

ಸಾಶಿಕೊ ದಾರ. ಜಪಾನಿನ ಸಾಶಿಕೊ ಹೊಲಿಗೆಗೆ ಅಂತಲೇ ಮಾಡಿದ್ದು. ಹತ್ತಿಯದ್ದು, ಹುರಿ ಸಡಿಲ, ಹೊಳಪಿಲ್ಲ. ಗಾಢ ಬಣ್ಣದ ಸಾದಾ ಬಟ್ಟೆಯ ಮೇಲೆ ಬಿಳಿ ಸಾಶಿಕೊ ದಾರದ ಗೆರೆ ಎಷ್ಟು ಶಾಂತವಾಗಿ ಕಾಣುತ್ತದೆ ಅಂದರೆ, ಹೊಳಪು ಇಷ್ಟವಿಲ್ಲದವರಿಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು.

12 ವೇಟ್ ಹತ್ತಿ ದಾರ. ರೀಲಿನಲ್ಲಿ ಬರುತ್ತದೆ. ವೇಟ್, ನಂಬರ್ ಅಂದರೆ ದಾರದ ದಪ್ಪದ ಅಳತೆ, ಮುಂದಿನ ಹೆಜ್ಜೆಯಲ್ಲಿ ಹೇಳುತ್ತೇನೆ. ಮಾಮೂಲಿ ಹೊಲಿಗೆ ದಾರಕ್ಕಿಂತ ಸಾಕಷ್ಟು ದಪ್ಪ, ನಂಬರ್ 8 ಪರ್ಲ್‌ಗಿಂತ ಸಣ್ಣ. ಕಾಣಬೇಕು, ಆದರೆ ಕೂಗಬಾರದು ಅನ್ನುವ ಕಡೆಗೆ ಸರಿ.

ಕೈ ಕ್ವಿಲ್ಟಿಂಗ್ ದಾರ. ಮೇಣದಂಥ ಲೇಪ ಕೊಟ್ಟ ಗಟ್ಟಿ ಹತ್ತಿ ದಾರ. ಗಂಟು ಬೀಳುವುದು ಕಡಿಮೆ. ನವಿರು ಹೊಲಿಗೆಗೆ ಇದು ಉತ್ತಮ, ಎದ್ದು ಕಾಣುವ ಅಲಂಕಾರಕ್ಕೆ ಸಾಲದು. ಈ ಲೇಪದ ದಾರವನ್ನು ಹೊಲಿಗೆ ಯಂತ್ರಕ್ಕೆ ಹಾಕಬೇಡಿ, ಲೇಪ ಒಳಗೆಲ್ಲ ಅಂಟುತ್ತದೆ.

ಇನ್ನು ಉಳಿದವು. ರೇಷ್ಮೆ ಗಟ್ಟಿ, ಹೊಳಪು ಚೆನ್ನ, ಆದರೆ ಜಾರುತ್ತದೆ. ಗಂಟು ನಿಲ್ಲಿಸಲು ಹೆಚ್ಚು ಎಚ್ಚರ ಬೇಕು. ರೇಯಾನ್ ನೆನೆದಾಗ ಬಲ ಕಳೆದುಕೊಳ್ಳುತ್ತದೆ, ಮೇಲಾಗಿ ಜಾರುತ್ತದೆ. ಪದೇ ಪದೇ ಒಗೆಯುವ ಕ್ವಿಲ್ಟ್‌ಗೆ ನಾನು ಬಳಸುವುದಿಲ್ಲ. ಜರಿಯಂಥ ಲೋಹದ ದಾರ ಗೋಡೆಗೆ ತೂಗುಹಾಕುವ ಕೆಲಸಕ್ಕೆ ಮಾತ್ರ. 30 ಸೆಂಟಿಮೀಟರ್‌ಗಿಂತ ಉದ್ದ ಕತ್ತರಿಸಬೇಡಿ, ಉದುರಿಹೋಗುತ್ತದೆ.

ಹೊದೆಯಲು ಬಳಸುವ, ಒಗೆಯುವ ಕ್ವಿಲ್ಟ್ ಆದರೆ ಕಣ್ಣು ಮುಚ್ಚಿ ಹತ್ತಿ ದಾರ ತೆಗೆದುಕೊಳ್ಳಿ.

ಹೆಜ್ಜೆ 3: ನಂಬರ್ ಓದಲು ಕಲಿಯಿರಿ

ಹೊಸಬರು ಎಡವುವುದು ಇಲ್ಲೇ. ದಾರದ ನಂಬರ್ ಹೆಚ್ಚಾದಷ್ಟೂ ದಾರ ಸಣ್ಣ. ಪರ್ಲ್ ಕಾಟನ್ 3, 5, 8, 12, 16 ಹೀಗೆ ಬರುತ್ತದೆ. 3 ಎಲ್ಲಕ್ಕಿಂತ ದಪ್ಪ, 16 ಎಲ್ಲಕ್ಕಿಂತ ಸಣ್ಣ.

ಯಾಕೆ ಹೀಗೆ? ವೇಟ್ ಅನ್ನುವ ಲೆಕ್ಕ ಗೊತ್ತಾದರೆ ಮರೆಯುವುದಿಲ್ಲ. 40 ವೇಟ್ ಅಂದರೆ 40 ಕಿಲೋಮೀಟರ್ ದಾರ ಒಂದು ಕೆ.ಜಿ. ತೂಗುತ್ತದೆ. 12 ವೇಟ್ ಆದರೆ ಬರೀ 12 ಕಿಲೋಮೀಟರಿಗೇ ಒಂದು ಕೆ.ಜಿ. ಕಡಿಮೆ ಉದ್ದಕ್ಕೇ ಅಷ್ಟು ತೂಕ ಅಂದರೆ ದಾರ ದಪ್ಪ ಇರಲೇಬೇಕು, ಅಲ್ವಾ?

ಈಗ ಡಿಎಂಸಿ ಅನ್ನುವ ಕಂಪನಿಯ ನಂಬರ್ 8 ಪರ್ಲ್ ಉಂಡೆ ಕೈಗೆತ್ತಿಕೊಳ್ಳಿ. 10 ಗ್ರಾಂ, 80 ಮೀಟರ್. ಒಂದು ಗ್ರಾಮಿಗೆ 8 ಮೀಟರ್, ಅಂದರೆ ಕೆ.ಜಿ.ಗೆ 8 ಕಿಲೋಮೀಟರ್. ನಂಬರ್ 12ರ ಉಂಡೆ 10 ಗ್ರಾಂ, 120 ಮೀಟರ್. ಮತ್ತದೇ ಲೆಕ್ಕ. ಬೇರೆ ಕಂಪನಿಗಳಲ್ಲಿ ಚೂರು ಹೆಚ್ಚುಕಡಿಮೆ ಇರುತ್ತದೆ. ಹಾಗಾಗಿ ಲೇಬಲ್ ಮೇಲಿನ ಮೀಟರನ್ನು ಗ್ರಾಮಿನಿಂದ ಭಾಗಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಹೆಸರಿಲ್ಲದ ದಾರದ ದಪ್ಪವೂ ಹೀಗೆ ಗೊತ್ತಾಗುತ್ತದೆ.

ಮೊದಲ ಕೆಲಸಕ್ಕೆ ನಂಬರ್ 8 ತೆಗೆದುಕೊಳ್ಳಿ. ಮಾಮೂಲಿ ಹತ್ತಿ ಬಟ್ಟೆ, ತೆಳು ಬ್ಯಾಟಿಂಗ್ ಇದ್ದರೆ ಇದರಷ್ಟು ಹೊಂದುವ ದಾರ ಇನ್ನೊಂದಿಲ್ಲ. ಸಣ್ಣ ಗೋಡೆ ಕ್ವಿಲ್ಟ್, ಬಿಗಿ ನೇಯ್ಗೆಯ ಬಟ್ಟೆ, ನಾಜೂಕು ವಿನ್ಯಾಸ ಇದ್ದರೆ 12. ದೊಡ್ಡ ಹೊದಿಕೆಯ ಮೇಲೆ ದಪ್ಪ ಗೆರೆ ಬೇಕಿದ್ದರೆ 5. ನಂಬರ್ 3 ಅನ್ನು ಮೂರು ಪದರದಲ್ಲಿ ಹೊಲಿಯುವುದು ಕಷ್ಟ. ಅಲ್ಲಲ್ಲಿ ಒಂದೊಂದು ಗಂಟು ಕಟ್ಟಿ ಪದರ ಹಿಡಿಸಲು ಮಾತ್ರ ಅದು ಸರಿ.

ಹೆಜ್ಜೆ 4: ಬಣ್ಣವನ್ನು ಒಂದೇ ಎಳೆಯಲ್ಲಿ ನೋಡಿ

ಉಂಡೆಯಲ್ಲಿ ಕಾಣುವ ಬಣ್ಣವೇ ಬೇರೆ, ಬಟ್ಟೆಯ ಮೇಲೆ ಬೀಳುವ ಬಣ್ಣವೇ ಬೇರೆ. ಉಂಡೆಯಲ್ಲಿ ನೂರಾರು ಸುತ್ತು ಒಟ್ಟಿಗೆ ಇರುವುದರಿಂದ ಬಣ್ಣ ಗಾಢವಾಗಿ ಕಾಣುತ್ತದೆ. ಹೊಲಿಗೆಯಲ್ಲಿ ಇರುವುದು ಒಂದೇ ಎಳೆ, ಅದೂ ಬಿಟ್ಟು ಬಿಟ್ಟು. ಹಾಗಾಗಿ ಒಂದು ಗೇಣು ದಾರ ಬಿಚ್ಚಿ ಬಟ್ಟೆಯ ಮೇಲೆ ಹರಡಿ ನೋಡಿ. ಹಗಲು ಬೆಳಕಲ್ಲಿ ನೋಡಿ, ರಾತ್ರಿ ದೀಪದಲ್ಲೂ ನೋಡಿ.

ಕಣ್ಣನ್ನು ಅರ್ಧ ಮುಚ್ಚಿ ನೋಡಿದಾಗ ದಾರ ಮಾಯವಾದರೆ, ಬಣ್ಣ ಬೇರೆ ಇದ್ದರೂ ಗಾಢತೆ ಒಂದೇ ಅಂತ ಅರ್ಥ. ಎದ್ದು ಕಾಣಬೇಕಿದ್ದರೆ ಇನ್ನೊಂದು ಚೂರು ತಿಳಿಯದ್ದೋ ಗಾಢದ್ದೋ ಆರಿಸಿ.

ಹೊಸದಾಗಿ ಹೊಲಿಯುವವರು ಬಿಳಿ ಬಟ್ಟೆಗೆ ಕಪ್ಪು ದಾರ ಹಿಡಿಯುವ ಮೊದಲು ಯೋಚಿಸಿ. ಹೊಲಿಗೆಯ ಉದ್ದ ಚೂರು ಹೆಚ್ಚುಕಡಿಮೆ ಆದರೂ ಕಣ್ಣಿಗೆ ಹೊಡೆಯುತ್ತದೆ. ಬಟ್ಟೆಗಿಂತ ಒಂದೆರಡು ಛಾಯೆ ಗಾಢವಾದ ದಾರ ನಿಮ್ಮ ಕೈಗೆ ದಯೆ ತೋರುತ್ತದೆ, ಚೆಂದವೂ ಕಾಣುತ್ತದೆ. ತಿಳಿ ಬಟ್ಟೆಯ ಕೆಳಗೆ ಗಾಢ ದಾರದ ಬಾಲ, ಅಂದರೆ ಉಳಿದ ತುದಿ, ಹುದುಗಿಸಿದರೆ ಅದು ಮೇಲೆ ನೆರಳಿನಂತೆ ಇಣುಕುತ್ತದೆ. ಅಂಥ ಕಡೆ ಬಾಲವನ್ನು ಹೊಲಿಗೆಯ ಗೆರೆಯ ಕೆಳಗೇ ಓಡಿಸಿ.

ಒಂದೇ ದಾರದಲ್ಲಿ ಹಲವು ಬಣ್ಣ ಬದಲಾಗುವ ದಾರಗಳಿವೆ. ಅವುಗಳಲ್ಲಿ ಒಂದು ಬಣ್ಣ ಎಷ್ಟು ಉದ್ದ ಇರುತ್ತದೆ ಅಂತ ಅಳೆದು ನೋಡಿ. ಎರಡು ಸೆಂಟಿಮೀಟರಿಗೊಮ್ಮೆ ಬದಲಾದರೆ ಹೊಲಿಗೆ ಚುಕ್ಕಿ ಚುಕ್ಕಿಯಾಗಿ ಒಡೆದು ಕಾಣುತ್ತದೆ. ಬದಲಾವಣೆ ನಿಧಾನವಾಗಿದ್ದರೆ ಗೆರೆ ಗೆರೆಯಾಗಿಯೇ ಉಳಿಯುತ್ತದೆ.

ಹೆಜ್ಜೆ 5: ಬಣ್ಣ ಬಿಡುತ್ತದಾ ಅಂತ ಪರೀಕ್ಷಿಸಿ

ಇದನ್ನು ಬಿಡಲೇಬೇಡಿ. ತಿಂಗಳುಗಟ್ಟಲೆ ಹೊಲಿದ ಬಿಳಿ ಕ್ವಿಲ್ಟ್ ಮೊದಲ ಒಗೆತಕ್ಕೇ ಗುಲಾಬಿ ಕಲೆ ಹಿಡಿದದ್ದನ್ನು ನಾನು ಅನುಭವಿಸಿದ್ದೇನೆ. ಆ ದಿನದ ಸಂಕಟ ಇನ್ನೂ ಮರೆತಿಲ್ಲ. ಒಂದು ಗೇಣು ದಾರವನ್ನು ಬಿಸಿ ನೀರಲ್ಲಿ ಒದ್ದೆ ಮಾಡಿ. ಬಿಳಿ ಹತ್ತಿ ಬಟ್ಟೆಯ ಎರಡು ಮಡಿಕೆಯ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಣಗಲು ಬಿಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ದಾರ ಈ ಕೆಲಸಕ್ಕೆ ಬೇಡ. ಗಾಢ ಕೆಂಪು, ನೀಲಿ, ಕಪ್ಪು, ಕೈಯಲ್ಲಿ ಬಣ್ಣ ಹಾಕಿದ ದಾರಗಳಿಗೆ ಈ ಪರೀಕ್ಷೆ ಕಡ್ಡಾಯ ಅಂತ ಇಟ್ಟುಕೊಳ್ಳಿ.

ಹೆಜ್ಜೆ 6: ಈಗ ಸೂಜಿ

ಸೂಜಿಯ ಕಣ್ಣಿನಲ್ಲಿ ದಾರ ಒಂದು ಎಳೆಯಲ್ಲ. ಕಣ್ಣಿನ ಆ ಕಡೆ ಒಂದು, ಈ ಕಡೆ ಒಂದು, ಒಟ್ಟು ಎರಡು ದಪ್ಪ ಒಟ್ಟಿಗೆ ಬಟ್ಟೆಯೊಳಗೆ ನುಗ್ಗಬೇಕು. ಸೂಜಿ ಕೊರೆದ ತೂತು ಆ ಎರಡು ದಪ್ಪಕ್ಕೆ ಸಾಕಾಗಬೇಕು. ಸಾಕಾಗದಿದ್ದರೆ ದಾರ ಬಟ್ಟೆಗೆ ಉಜ್ಜಿ ಸವೆಯುತ್ತದೆ, ನಿಮ್ಮ ಬೆರಳೂ ಸವೆಯುತ್ತದೆ. ಸಣ್ಣ ಸೂಜಿಯಾದರೆ ಸಲೀಸಾಗಿ ಹೋಗುತ್ತದೆ ಅನ್ನುವುದು ಅದಕ್ಕೇ ತಪ್ಪು ಲೆಕ್ಕ. ಹಾಗಂತ ತೀರಾ ದಪ್ಪ ಸೂಜಿ ಹಿಡಿದರೆ ದಾರ ತುಂಬದ ತೂತುಗಳು ಬಟ್ಟೆಯಲ್ಲಿ ಉಳಿದುಬಿಡುತ್ತವೆ.

ಸೂಜಿಯ ನಂಬರೂ ದಾರದ ಹಾಗೇ. ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣ. ಆದರೆ ಒಂದು ಜಾತಿಯ ನಂಬರನ್ನು ಇನ್ನೊಂದು ಜಾತಿಗೆ ಹೋಲಿಸಬೇಡಿ. ಶೆನಿಲ್ 24ಕ್ಕೂ ಕಸೂತಿ ಸೂಜಿ 7ಕ್ಕೂ ಸಂಬಂಧವಿಲ್ಲ.

ಬಿಟ್ವೀನ್ಸ್ ಅನ್ನುವುದು ಕ್ವಿಲ್ಟಿಂಗ್‌ಗೆ ಅಂತಲೇ ಇರುವ ಗಿಡ್ಡ ಸೂಜಿ. ಗಿಡ್ಡವಾದ್ದರಿಂದ ಮೊನೆ ಬೆರಳಿಗೆ ಹತ್ತಿರ ಇರುತ್ತದೆ, ಚಿಕ್ಕ ಚಿಕ್ಕ ಹೊಲಿಗೆ ಹಿಡಿತಕ್ಕೆ ಬರುತ್ತದೆ. ಆದರೆ ಅದರ ಕಣ್ಣು ಚಿಕ್ಕದು, ಪರ್ಲ್ ದಾರ ಹೋಗುವುದು ಕಷ್ಟ. ಲೇಪದ ಕ್ವಿಲ್ಟಿಂಗ್ ದಾರಕ್ಕೆ ಇದನ್ನು ಇಟ್ಟುಕೊಳ್ಳಿ. ಹೊಸಬರಿಗೆ 8 ಅಥವಾ 9, ಕೈ ಪಳಗಿದ ಮೇಲೆ 10, 11.

ಕಸೂತಿ ಸೂಜಿ, ಕ್ರೂಯಲ್ ಅಂತಲೂ ಹೆಸರು. ಮೊನೆ ಚೂಪು, ಕಣ್ಣು ಉದ್ದ, ಮೈ ಹೆಚ್ಚು ದಪ್ಪವಿಲ್ಲ. ಒಂದೇ ಸಲಕ್ಕೆ ಮೂರ್ನಾಲ್ಕು ಹೊಲಿಗೆ ಕೂಡಿಸಿಕೊಳ್ಳಬಹುದಾದಷ್ಟು ಉದ್ದವೂ ಇರುತ್ತದೆ. ಎರಡೆಳೆ ಕಸೂತಿ ದಾರಕ್ಕೆ 7 ಅಥವಾ 8, ಮೂರೆಳೆಗೆ 5 ಅಥವಾ 6, ನಂಬರ್ 12 ಪರ್ಲ್‌ಗೆ 5ರಿಂದ 7, ನಂಬರ್ 8ಕ್ಕೆ 3ರಿಂದ 5.

ಶೆನಿಲ್ ಸೂಜಿ. ದಪ್ಪ ಮೈ, ದೊಡ್ಡ ಕಣ್ಣು, ಚೂಪು ಮೊನೆ. ಅಲಂಕಾರದ ಕ್ವಿಲ್ಟಿಂಗ್‌ಗೆ ನನ್ನ ಕೈ ಮೊದಲು ಹೋಗುವುದು ಇದರ ಕಡೆಗೇ. ನಂಬರ್ 8 ಪರ್ಲ್‌ಗೆ 24, ನಂಬರ್ 5ಕ್ಕೆ 22, ನಂಬರ್ 3ಕ್ಕೆ 20 ಅಥವಾ 18. ಕಣ್ಣು ಮಂಜಾಗುವ ವಯಸ್ಸಿನವರಿಗೂ ಪೋಣಿಸುವುದು ಸುಲಭ.

ಟ್ಯಾಪೆಸ್ಟ್ರಿ ಸೂಜಿ ನೋಡಲು ಶೆನಿಲ್ ತರಹವೇ, ಆದರೆ ಮೊನೆ ಮೊಂಡು. ಅಂಗಡಿಯಲ್ಲಿ ಅಕ್ಕಪಕ್ಕ ಇರುತ್ತವೆ, ಅದಲು ಬದಲಾಗುವುದು ಸಹಜ. ಮೂರು ಪದರ ಚುಚ್ಚಲು ಇದು ಆಗದು. ಆದರೆ ಒಂದು ಕೆಲಸಕ್ಕೆ ಇದೇ ಬೇಕು. ಹೊಲಿದ, ಒಳಗೆ ಹೊರಗೆ ಹೋಗುತ್ತಾ ಸಾಗುವ ರನ್ನಿಂಗ್ ಸ್ಟಿಚ್‌ಗಳ ಕೆಳಗೆ ಇನ್ನೊಂದು ಬಣ್ಣದ ದಾರ ತೂರಿಸಿ ಸುತ್ತುವಾಗ ಮೊಂಡು ಮೊನೆ ಬಟ್ಟೆಯನ್ನೂ ಚುಚ್ಚುವುದಿಲ್ಲ, ಮೊದಲಿನ ದಾರವನ್ನೂ ಸೀಳುವುದಿಲ್ಲ.

ಮಿಲಿನರ್ಸ್ ಸೂಜಿ ಉದ್ದ, ಕಣ್ಣಿನ ಕಡೆಗೂ ಮೈ ಅಷ್ಟೇ ದಪ್ಪ. ಫ್ರೆಂಚ್ ನಾಟ್, ಅಂದರೆ ಸೂಜಿಗೆ ದಾರ ಸುತ್ತಿ ಮಾಡುವ ಪುಟ್ಟ ಗಂಟು, ಹಾಕುವಾಗ ಸುತ್ತಿದ ದಾರ ಕಣ್ಣಿನ ಹತ್ತಿರ ಸಿಕ್ಕದೆ ಜಾರಿಬರುತ್ತದೆ. ಸಾಶಿಕೊ ಸೂಜಿಯೂ ಉದ್ದ, ಗಟ್ಟಿ. ನೇರ ಗೆರೆಯಲ್ಲಿ ಹಲವು ಹೊಲಿಗೆ ಒಟ್ಟಿಗೆ ಕೂಡಿಸಲು ಚೆನ್ನ. ಸಾಶಿಕೊ ದಾರಕ್ಕೆ ಬೇರೆ ಹುಡುಕುವುದು ಬೇಡ.

ಹೆಜ್ಜೆ 7: ಒಂದು ತುಂಡಿನ ಮೇಲೆ ಹೊಲಿದು ನೋಡಿ

ಮೇಲೆ ಹೇಳಿದ ನಂಬರುಗಳು ಶುರುಮಾಡಲು ಮಾತ್ರ. ಕೊನೆಯ ಮಾತು ನಿಮ್ಮ ಬಟ್ಟೆಯದು. ಅದೇ ಮೇಲ್ಬಟ್ಟೆ, ಅದೇ ಬ್ಯಾಟಿಂಗ್, ಅದೇ ಅಡಿಬಟ್ಟೆ. ಒಂದು ಗೇಣಗಲದ ತುಂಡು ಮಾಡಿ, ಸುತ್ತ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿಸಿ. ಸುಮ್ನೆ ಒಂದು ಪದರದ ಮೇಲೆ ಪರೀಕ್ಷಿಸಿದರೆ ಏನೂ ಗೊತ್ತಾಗುವುದಿಲ್ಲ.

ಈಗ ಹತ್ತು ಹೊಲಿಗೆ ಹಾಕಿ. ಸೂಜಿಯ ಕಣ್ಣು ಬಟ್ಟೆ ದಾಟುವ ಕ್ಷಣದ ಮೇಲೆ ಗಮನ ಇಡಿ. ಚಿಕ್ಕದಾಗಿ ಟಪ್ ಅಂದು ದಾಟಿ, ಹಿಂದೆಯೇ ದಾರ ಸಲೀಸಾಗಿ ಬಂದರೆ ಜೋಡಿ ಸರಿಯಾಗಿದೆ. ಪ್ರತಿ ಸಲ ಇಕ್ಕಳ ಹುಡುಕುವಂತಾದರೆ ಒಂದು ನಂಬರ್ ದಪ್ಪ ಸೂಜಿ ಹಿಡಿಯಿರಿ. ಹೊಲಿಗೆಯ ಎರಡು ತುದಿಗಳಲ್ಲಿ ತೂತು ಕಣ್ಣು ಬಿಟ್ಟುಕೊಂಡಿದ್ದರೆ, ಬೆರಳಿನ ಉಗುರಿಂದ ಮೆಲ್ಲಗೆ ಉಜ್ಜಿ ನೋಡಿ. ನೂಲು ಸರಿದು ಮುಚ್ಚಿಕೊಂಡರೆ ಚಿಂತೆಯಿಲ್ಲ. ಮುಚ್ಚದಿದ್ದರೆ ಒಂದು ನಂಬರ್ ಸಣ್ಣ ಸೂಜಿ.

ಬಾಟಿಕ್, ಅಂದರೆ ಮೇಣ ಹಚ್ಚಿ ಬಣ್ಣ ಹಾಕಿದ ಬಟ್ಟೆಯ ಬಗ್ಗೆ ಒಂದು ಎಚ್ಚರಿಕೆ. ಅದರ ನೇಯ್ಗೆ ಬಲು ಬಿಗಿ. ದಪ್ಪ ಸೂಜಿಯ ತೂತು ಮುಚ್ಚುವುದು ಕಷ್ಟ, ದಪ್ಪ ದಾರವನ್ನು ಎಳೆಯುವುದು ಇನ್ನೂ ಕಷ್ಟ. ಬಾಟಿಕ್ ಇದ್ದರೆ ನಂಬರ್ 12 ಪರ್ಲ್ ಅಥವಾ 12 ವೇಟ್ ದಾರಕ್ಕೆ ಇಳಿಯಿರಿ. ಬ್ಯಾಟಿಂಗ್ ವಿಷಯದಲ್ಲೂ ಹೀಗೇ. ಕೆಲವು ಹತ್ತಿ ಬ್ಯಾಟಿಂಗ್‌ಗಳಲ್ಲಿ ಸ್ಕ್ರಿಮ್ ಅಂತ ಬಲೆಯಂಥ ತೆಳು ಪದರ ಇರುತ್ತದೆ. ಯಂತ್ರದ ಹೊಲಿಗೆಗೆ ಅದು ಒಳ್ಳೆಯದು, ಕೈಗೆ ತಡೆ. ಉಣ್ಣೆಯ ಬ್ಯಾಟಿಂಗ್ ಸೂಜಿಗೆ ಬೆಣ್ಣೆ ಇದ್ದಂತೆ. ಯಾವುದೇ ಆದರೂ ಪೊಟ್ಟಣದ ಮೇಲೆ ಹೊಲಿಗೆ ಗೆರೆಗಳ ನಡುವೆ ಹೆಚ್ಚೆಂದರೆ ಎಷ್ಟು ಅಂತರ ಇರಬಹುದು ಅಂತ ಬರೆದಿರುತ್ತದೆ, ಅದನ್ನು ಮೀರಬೇಡಿ.

ತುಂಡನ್ನು ಒಗೆದು ಒಣಗಿಸಿ ನೋಡುವುದೂ ಒಳ್ಳೆಯದು. ಹತ್ತಿ ಬ್ಯಾಟಿಂಗ್ ಕುಗ್ಗಿದಾಗ ಬಟ್ಟೆ ಸುಕ್ಕಾಗುತ್ತದೆ, ಹೊಲಿಗೆಗಳು ಇನ್ನೊಂದು ಚೂರು ಉಬ್ಬಿ ಕಾಣುತ್ತವೆ. ಆ ನೋಟ ನಿಮಗೆ ಇಷ್ಟವೋ ಅಲ್ಲವೋ ಮೊದಲೇ ಗೊತ್ತಾಗಲಿ.

ಹೆಜ್ಜೆ 8: ಎಷ್ಟು ದಾರ ಬೇಕು?

ಒಂದು ಮೀಟರ್ ಗೆರೆಗೆ ಒಂದು ಮೀಟರ್ ದಾರ ಸಾಲುವುದಿಲ್ಲ. ಪದರಗಳ ಮೇಲೆ ಕೆಳಗೆ ಹೋಗುವುದರಲ್ಲಿ ಸುಮಾರು ಐದರಲ್ಲೊಂದು ಪಾಲು ಹೆಚ್ಚು ಬೇಕು. ಪ್ರತಿ ತುಂಡಿನ ಕೊನೆಯಲ್ಲಿ ಬಾಲಕ್ಕೆ ಅಂತ 10 ಸೆಂಟಿಮೀಟರ್ ಹೋಗುತ್ತದೆ. ಒಟ್ಟಾರೆ ಗೆರೆಯ ಉದ್ದದ ಒಂದೂವರೆ ಪಟ್ಟು ಅಂತ ಇಟ್ಟುಕೊಂಡರೆ ಮೋಸವಿಲ್ಲ.

ಒಂದು ಮೀಟರ್ ಚೌಕದ ಕ್ವಿಲ್ಟ್, 5 ಸೆಂಟಿಮೀಟರಿಗೊಂದು ಗೆರೆ, ಉದ್ದಕ್ಕೂ ಅಡ್ಡಕ್ಕೂ. ಒಂದು ದಿಕ್ಕಿಗೆ 20 ಗೆರೆ, ಎರಡು ದಿಕ್ಕಿಗೆ 40. ಅಂದರೆ 40 ಮೀಟರ್ ಗೆರೆ, 60 ಮೀಟರ್ ದಾರ. 80 ಮೀಟರಿನ ಒಂದು ಉಂಡೆ ಸಾಕು, ಸ್ವಲ್ಪ ಮಿಗುತ್ತದೆ. ದೊಡ್ಡ ಹೊದಿಕೆಯಾದರೆ ಬೇಕಾದ ಉಂಡೆಗಳನ್ನೆಲ್ಲ ಒಂದೇ ಸಲ ಕೊಳ್ಳಿ. ಬೇರೆ ಬೇರೆ ಸಲ ಬಣ್ಣ ಹಾಕಿದ ದಾರಗಳಲ್ಲಿ ಛಾಯೆ ವ್ಯತ್ಯಾಸ ಬರಬಹುದು.

ಹೆಜ್ಜೆ 9: ಪೋಣಿಸುವುದು, ಗಂಟು ಹುದುಗಿಸುವುದು

ದಾರ 45 ಸೆಂಟಿಮೀಟರ್ ಕತ್ತರಿಸಿ. ಉದ್ದ ಇದ್ದಷ್ಟೂ ಪೋಣಿಸುವ ಕೆಲಸ ಕಡಿಮೆ ಅನ್ನಿಸುತ್ತದೆ, ನಿಜ. ಆದರೆ ಉದ್ದ ದಾರದ ಕೊನೆಯ ಭಾಗ ಬಟ್ಟೆಯಲ್ಲಿ ಅದೆಷ್ಟೋ ಸಲ ಉಜ್ಜಿ, ಹೊಳಪು ಕಳೆದುಕೊಂಡು ನವೆಯುತ್ತದೆ. ಗೆರೆಯ ಶುರುವಿನ ಹೊಲಿಗೆಯೂ ಕೊನೆಯ ಹೊಲಿಗೆಯೂ ಬೇರೆ ದಾರದ ಹಾಗೆ ಕಾಣುತ್ತವೆ.

ತುದಿಯನ್ನು ಚೂಪು ಕತ್ತರಿಯಿಂದ ಓರೆಯಾಗಿ ಕತ್ತರಿಸಿ. ಹೆಬ್ಬೆರಳು ತೋರುಬೆರಳಿನ ನಡುವೆ ದಾರದ ತುದಿ ಕಂಡೂ ಕಾಣದ ಹಾಗೆ ಹಿಡಿದು, ಸೂಜಿಯ ಕಣ್ಣನ್ನೇ ದಾರದ ಮೇಲೆ ತನ್ನಿ. ಎಂಜಲು ಹಚ್ಚಿದರೆ ಹತ್ತಿ ಉಬ್ಬುತ್ತದೆ, ಅದರ ಬದಲು ಸೂಜಿಯ ಕಣ್ಣನ್ನು ಒದ್ದೆ ಮಾಡಿ. ಹೋಗದಿದ್ದರೆ ಸೂಜಿಯನ್ನು ತಿರುಗಿಸಿ ಇನ್ನೊಂದು ಬದಿಯಿಂದ ಪ್ರಯತ್ನಿಸಿ, ಒಂದು ಬದಿ ಚೂರು ಅಗಲ ಇರಬಹುದು. ಅದೂ ಆಗದಿದ್ದರೆ ಕಣ್ಣಿನೊಳಗೆ ಹೋಗುವಷ್ಟು ಸಣ್ಣ ಕಾಗದದ ಪಟ್ಟಿ ಮಡಚಿ, ಅದರ ನಡುವೆ ದಾರದ ತುದಿ ಇಟ್ಟು ತೂರಿಸಿ.

ಗಂಟಿಗೆ ದಾರದ ಬಾಲವನ್ನು ಸೂಜಿಯ ಮೊನೆಗೆ ಸುತ್ತಿ, ಸುತ್ತುಗಳನ್ನು ಬೆರಳಲ್ಲಿ ಹಿಡಿದು ಕೊನೆಯವರೆಗೂ ಎಳೆಯಿರಿ. ಸಣ್ಣ ದಾರಕ್ಕೆ ಮೂರು ಸುತ್ತು ಬೇಕು. ನಂಬರ್ 8ಕ್ಕೆ ಎರಡು, ನಂಬರ್ 5ಕ್ಕೆ ಒಂದೇ ಸಾಕು. ಗೆರೆ ಶುರುವಾಗುವ ಜಾಗದಿಂದ ಒಂದು ಇಂಚು ಈಚೆ, ಮೇಲ್ಬಟ್ಟೆಯಿಂದ ಬ್ಯಾಟಿಂಗ್ ಒಳಗೆ ಮಾತ್ರ ಸೂಜಿ ತೂರಿಸಿ, ಶುರುವಿನ ಜಾಗದಲ್ಲಿ ಮೇಲೆ ತೆಗೆಯಿರಿ. ದಾರ ಎಳೆಯುತ್ತಾ ಬಂದಾಗ ಗಂಟು ಬಟ್ಟೆಯ ಮೇಲೆ ಬಂದು ಕೂರುತ್ತದೆ. ಈಗ ಜಗ್ಗಬೇಡಿ. ಗಂಟಿನ ಪಕ್ಕದ ಬಟ್ಟೆಯನ್ನು ಉಗುರಿಂದ ಚೂರು ಎತ್ತಿ ಹಿಡಿದು, ದಾರವನ್ನು ಚುಟುಕಾಗಿ ಎಳೆಯಿರಿ. ಪುಟ್ಟ ಸದ್ದಿನೊಂದಿಗೆ ಗಂಟು ಒಳಗೆ ಜಾರಿ ಬ್ಯಾಟಿಂಗ್‌ನಲ್ಲಿ ಕೂರುತ್ತದೆ. ಆ ಸದ್ದು ಕೇಳಿದಾಗ ಇವತ್ತಿಗೂ ನನಗೆ ಖುಷಿಯಾಗುತ್ತದೆ.

ಹೊಲಿಯುವಾಗ ತೊಂದರೆ ಬಂದರೆ

ದಾರ ಸುರುಳಿ ಸುತ್ತಿಕೊಂಡು ಗಂಟಾಗುತ್ತಿದ್ದರೆ ಸೂಜಿಯನ್ನು ಕೈಬಿಟ್ಟು ನೇತಾಡಲು ಬಿಡಿ. ತಾನೇ ತಿರುಗಿ ಹುರಿ ಸರಿಮಾಡಿಕೊಳ್ಳುತ್ತದೆ. ನಾಲ್ಕೈದು ಇಂಚಿಗೊಮ್ಮೆ ಹೀಗೆ ಮಾಡಿದರೆ ಒಳ್ಳೆಯದು.

ದಾರ ಕಣ್ಣಿನ ಹತ್ತಿರ ಮಾತ್ರ ನವೆದಿದ್ದರೆ ಸೂಜಿಯ ಕಣ್ಣು ಚಿಕ್ಕದು, ಅಥವಾ ದಾರ ಒಂದೇ ಜಾಗದಲ್ಲಿ ಜಾಸ್ತಿ ಹೊತ್ತು ಕೂತಿದೆ. ಆಗಾಗ ಅರ್ಧ ಇಂಚು ಸರಿಸುತ್ತಿರಿ. ದಾರದ ಉದ್ದಕ್ಕೂ ನವೆದಿದ್ದರೆ ಸೂಜಿಯೇ ಸಣ್ಣ.

ಸೂಜಿ ಜಾರಿ ಹಿಡಿತಕ್ಕೆ ಸಿಗದಿದ್ದರೆ ಒಡೆದ ಬಲೂನಿನ ತುಂಡಿನಿಂದ ಹಿಡಿದು ಎಳೆಯಿರಿ. ನೇರವಾಗಿ ಎಳೆಯಿರಿ, ಓರೆಯಾಗಿ ಜಗ್ಗಿದರೆ ಕಣ್ಣು ಮುರಿಯುತ್ತದೆ. ಒತ್ತುವ ಬೆರಳಿಗೆ ಥಿಂಬಲ್, ಅಂದರೆ ಬೆರಳ ತುದಿಯ ಪುಟ್ಟ ಟೋಪಿ, ಹಾಕಿ. ದಪ್ಪ ಸೂಜಿಯ ಹಿಂಬದಿಯೂ ಬರಿಗೈಗೆ ನೋವು ಕೊಡುತ್ತದೆ.

ಮೊನೆ ಬಟ್ಟೆಯಲ್ಲಿ ತಡೆಯುತ್ತಿದೆ ಅನ್ನಿಸಿದರೆ ಅದನ್ನು ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಎಳೆಯಿರಿ. ಗೀರು ಬಿದ್ದರೆ ಮೊನೆ ಮಡಿಚಿದೆ. ಆ ಸೂಜಿಯನ್ನು ಬದಲಿಸಿ. ಕೈಬೆವರಿಗೆ ಮೇಲಿನ ಲೇಪ ಸವೆದು ಮೈ ಕಪ್ಪಾದ ಸೂಜಿಯೂ ಅಷ್ಟೇ, ಜಾರುವುದಿಲ್ಲ. ಒಂದು ಸೂಜಿಯಲ್ಲೇ ವರ್ಷಗಟ್ಟಲೆ ಹೊಲಿಯಬೇಕು ಅನ್ನುವ ನಿಯಮ ಎಲ್ಲೂ ಇಲ್ಲ.

ಹೊಲಿದು ನೋಡಿದ ತುಂಡನ್ನು ಎಸೆಯಬೇಡಿ. ಅದರ ಅಂಚಿನಲ್ಲಿ ದಾರದ ಹೆಸರು, ನಂಬರ್, ಬಣ್ಣದ ಸಂಖ್ಯೆ, ಸೂಜಿಯ ಜಾತಿ, ನಂಬರ್ ಬರೆದ ಚೀಟಿ ಹೊಲಿದು ಡಬ್ಬಿಯಲ್ಲಿಡಿ. ಆರು ತಿಂಗಳು ಬಿಟ್ಟು ಅರ್ಧಕ್ಕೆ ನಿಂತ ಕೆಲಸ ಮತ್ತೆ ಎತ್ತಿಕೊಂಡಾಗ ಅದೇ ಸೂಜಿ, ಅದೇ ದಾರ ಸಿಗಬೇಕಲ್ಲ. ಸೂಜಿಯನ್ನು ಮಾತ್ರ ಕ್ವಿಲ್ಟ್‌ನಲ್ಲೇ ಚುಚ್ಚಿಟ್ಟು ಏಳಬೇಡಿ. ತೇವ ತಗುಲಿದರೆ ತುಕ್ಕಿನ ಚುಕ್ಕೆ ಬೀಳುತ್ತದೆ, ಅದು ಹೋಗುವುದು ಬಲು ಕಷ್ಟ. ದಾರದಿಂದ ಬಿಡಿಸಿ, ಒರೆಸಿ, ಅದರ ಪೊಟ್ಟಣಕ್ಕೇ ಹಾಕಿಡಿ.